ಮೂಗಿನ ಪಾಲಿಪ್ ತೆಗೆಸಿದ ಮೇಲೂ ಮತ್ತೆ ಬೆಳೆಯುವುದೇಕೆ?

ಪ್ರಶ್ನೆ: ನನಗೆ 46 ವರ್ಷ. ರಾಜಾಜಿನಗರದಲ್ಲಿ ಕಾಫಿ ಪುಡಿ ಅಂಗಡಿ ಇಟ್ಟುಕೊಂಡಿದ್ದೇನೆ. ಬೀಜ ಹುರಿಯುವುದು, ಪುಡಿ ಮಾಡುವುದು ಎಲ್ಲ ಅಲ್ಲೇ. ಹತ್ತು ವರ್ಷದಿಂದ ಮೂಗು ಕಟ್ಟುವುದು, ಗಂಟಲಿಗೆ ಕಫ ಇಳಿಯುವುದು, ಹಣೆ ಭಾರ ಇವೆಲ್ಲ ಇವೆ. ಪಾಲಿಪ್ ಎಂದು 2017ರಲ್ಲಿ ಒಮ್ಮೆ, 2021ರಲ್ಲಿ ಇನ್ನೊಮ್ಮೆ ಆಪರೇಷನ್ ಆಯಿತು. ಎರಡು ಸಲವೂ ಒಂದು ವರ್ಷ ಚೆನ್ನಾಗಿದ್ದೆ, ಆಮೇಲೆ ಯಥಾಪ್ರಕಾರ. ಈಗ ವಾಸನೆ ಪೂರ್ತಿ ಹೋಗಿದೆ. ಬೀಜದ ಹದ ನೋಡಲು ಮಗನನ್ನು ಕರೆಯಬೇಕು. ನಾಲ್ಕು ವರ್ಷದಿಂದ ಅಸ್ತಮಾಗೆ ಇನ್‌ಹೇಲರ್ ಇದೆ. ಹೋದ ವರ್ಷ ಮಂಡಿ ನೋವಿಗೆ ಒಂದು ಮಾತ್ರೆ ನುಂಗಿ, ಒಂದು ಗಂಟೆಯೊಳಗೆ ಉಸಿರು ಕಟ್ಟಿ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕಾಯಿತು. ಈಗ ಒಬ್ಬ ಡಾಕ್ಟರು ಮೂರನೆಯ ಆಪರೇಷನ್ ಎನ್ನುತ್ತಾರೆ, ಇನ್ನೊಬ್ಬರು ಹೊಸ ಇಂಜೆಕ್ಷನ್ ಎನ್ನುತ್ತಾರೆ. ಹಿಂದಿನ ಆಪರೇಷನ್‌ಗಳನ್ನು ಸರಿಯಾಗಿ ಮಾಡಲಿಲ್ಲವೇ? ಇದು ಕ್ಯಾನ್ಸರ್ ಆಗುತ್ತದೆಯೇ? ಬೆಂಗಳೂರಿನ ಹವೆ ಬಿಟ್ಟು ಊರಿಗೆ ಹೋದರೆ ವಾಸಿಯಾದೀತೇ? ಮಗನಿಗೂ ಬರುತ್ತದೆಯೇ?

ಉತ್ತರ: ನೀವು ನಡುವೆ ಒಂದು ಮಾತಿನಲ್ಲಿ ಹೇಳಿ ದಾಟಿಹೋಗಿರುವ ಮಂಡಿ ನೋವಿನ ಮಾತ್ರೆಯ ಸಂಗತಿಯಿಂದಲೇ ಆರಂಭಿಸುತ್ತೇನೆ. ಉಳಿದ ಪ್ರಶ್ನೆಗಳ ಉತ್ತರವೂ ಬಹುಮಟ್ಟಿಗೆ ಅದರಲ್ಲೇ ಅಡಗಿದೆ, ಮತ್ತು ನಿಮ್ಮ ಜೀವಕ್ಕೆ ತಕ್ಷಣದ ಅಪಾಯ ಇರುವುದೂ ಅಲ್ಲಿಯೇ. ಮೂಗಿನಲ್ಲಿ ಪಾಲಿಪ್ (ಊದಿ ಜೋತುಬಿದ್ದ ಒಳಪೊರೆ), ಜೊತೆಗೆ ಅಸ್ತಮಾ, ಅದರ ಮೇಲೆ ಆಸ್ಪಿರಿನ್ ಅಥವಾ ಅದೇ ಬಳಗದ ನೋವಿನ ಮಾತ್ರೆ ನುಂಗಿದರೆ ಉಸಿರು ಕಟ್ಟುವುದು: ಈ ಮೂರೂ ಒಬ್ಬರಲ್ಲೇ ಕೂಡಿ ಬರುವುದನ್ನು ಫ್ರಾನ್ಸಿನ ವೈದ್ಯ ಫೆರ್ನಾಂಡ್ ವಿಡಾಲ್ 1922ರಲ್ಲಿಯೇ ವಿವರಿಸಿದ್ದರು. 1968ರಲ್ಲಿ ಅಮೆರಿಕದ ಮ್ಯಾಕ್ಸ್ ಸ್ಯಾಮ್ಟರ್ ಮತ್ತು ರೋಲಂಡ್ ಬೀರ್ಸ್ ಅದನ್ನು ವಿಸ್ತಾರವಾಗಿ ಬರೆದ ಮೇಲೆ ವೈದ್ಯಲೋಕ ಅದನ್ನು ಸ್ಯಾಮ್ಟರ್ ತ್ರಿಕೂಟ ಎಂದು ಕರೆಯತೊಡಗಿತು. ಪಾಲಿಪ್ ಇರುವ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಇದು ಇರುತ್ತದೆ. ಇಂಥವರ ಪಾಲಿಪ್ ಉಳಿದವರದಕ್ಕಿಂತ ಹಟಮಾರಿ. ಆಪರೇಷನ್ ಆದ ಮೇಲೆ ಬೇಗ ಮರಳುತ್ತದೆ, ವಾಸನೆಯನ್ನೂ ಬೇಗ ಕಸಿದುಕೊಳ್ಳುತ್ತದೆ. ನಿಮ್ಮ ಹತ್ತು ವರ್ಷದ ಕಥೆ ಇದಕ್ಕೆ ಬಹಳ ಹತ್ತಿರವಾಗಿದೆ.

ಇದು ಹೇಗೆ ಆಗುತ್ತದೆ ಎಂಬುದು ತಿಳಿದಿದ್ದರೆ ಯಾವ ಮಾತ್ರೆಯನ್ನು ದೂರವಿಡಬೇಕು ಎಂಬುದು ತಾನಾಗಿ ನೆನಪಿರುತ್ತದೆ. ನಮ್ಮ ಜೀವಕೋಶಗಳ ಪೊರೆಯಲ್ಲಿರುವ ಒಂದು ಕೊಬ್ಬಿನ ಆಮ್ಲದಿಂದ ಎರಡು ದಾರಿಯಲ್ಲಿ ಎರಡು ಬಗೆಯ ರಾಸಾಯನಿಕಗಳು ಹುಟ್ಟುತ್ತವೆ. ಒಂದು ದಾರಿಯಲ್ಲಿ ಪ್ರೋಸ್ಟಗ್ಲಾಂಡಿನ್‌ಗಳು, ಇನ್ನೊಂದರಲ್ಲಿ ಲ್ಯೂಕೋಟ್ರೈನ್‌ಗಳು. ಲ್ಯೂಕೋಟ್ರೈನ್ ಶ್ವಾಸನಾಳವನ್ನು ಬಿಗಿಯುತ್ತದೆ, ಮೂಗಿನ ಒಳಪೊರೆಯನ್ನು ಊದಿಸುತ್ತದೆ. ಪ್ರೋಸ್ಟಗ್ಲಾಂಡಿನ್‌ಗಳಲ್ಲೊಂದು ಅದಕ್ಕೆ ಬ್ರೇಕಿನಂತೆ ಕೆಲಸ ಮಾಡುತ್ತದೆ. ಆಸ್ಪಿರಿನ್ ನೋವನ್ನು ತಗ್ಗಿಸುವುದು ಪ್ರೋಸ್ಟಗ್ಲಾಂಡಿನ್ ತಯಾರಾಗದಂತೆ ತಡೆಯುವುದರಿಂದ ಎಂದು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿದರು, 1982ರಲ್ಲಿ ಅವರಿಗೆ ನೊಬೆಲ್ ಪಾಲು ಸಿಕ್ಕಿತು. ಸಾಮಾನ್ಯ ಮನುಷ್ಯನಿಗೆ ಇದರಿಂದ ನೋವಷ್ಟೇ ಇಳಿಯುತ್ತದೆ. ನಿಮ್ಮಂಥವರಲ್ಲಿ ಲ್ಯೂಕೋಟ್ರೈನ್ ಮೊದಲೇ ಅತಿಯಾಗಿರುವುದರಿಂದ, ಇದ್ದೊಂದು ಬ್ರೇಕೂ ಕಳಚಿದಂತಾಗಿ, ಮಾತ್ರೆ ನುಂಗಿದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಮೂಗು ಸೋರಿ, ಕಣ್ಣು ಕೆಂಪಾಗಿ, ಎದೆ ಬಿಗಿದುಕೊಳ್ಳುತ್ತದೆ.

ಆದುದರಿಂದ ನೀವು ಇಂದೇ ಮಾಡಬೇಕಾದ ಕೆಲಸವೆಂದರೆ ಆ ರಾತ್ರಿಯ ಆಸ್ಪತ್ರೆ ಚೀಟಿಯನ್ನೋ ಮಾತ್ರೆಯ ಪಟ್ಟಿಯನ್ನೋ ಹುಡುಕಿ ಅದರಲ್ಲಿದ್ದ ಔಷಧದ ಹೆಸರನ್ನು ಬರೆದಿಟ್ಟುಕೊಳ್ಳುವುದು. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಇವೆಲ್ಲ ಒಂದೇ ಬಳಗ. ಮೆಡಿಕಲ್ ಶಾಪಿನಲ್ಲಿ ಇವನ್ನು ಯಾರೂ ಈ ಹೆಸರಿನಿಂದ ಕೇಳುವುದಿಲ್ಲ. ಡಿಸ್ಪ್ರಿನ್, ಬ್ರೂಫೆನ್, ಕಾಂಬಿಫ್ಲಾಮ್, ವೊವೆರಾನ್ ಎಂದೇ ಕೇಳುತ್ತೇವೆ, ಅವರು ಕೊಡುತ್ತಾರೆ. ಇವುಗಳಲ್ಲಿ ಯಾವುದನ್ನೂ ಮುಟ್ಟಬೇಡಿ. ಜ್ವರಕ್ಕೂ ನೋವಿಗೂ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ನಿಮ್ಮಂಥವರಲ್ಲಿ ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ, ಒಂದೇ ಸಲಕ್ಕೆ ಒಂದು ಗ್ರಾಂ ನುಂಗಿದರೆ ಕೆಲವರಿಗೆ ಕೊಡುತ್ತದೆ. ಹಲ್ಲಿನ ಡಾಕ್ಟರಿಗೆ, ಮೂಳೆ ಡಾಕ್ಟರಿಗೆ, ಮುಂದೆಂದಾದರೂ ಹೃದಯದ ಡಾಕ್ಟರಿಗೆ ತೋರಿಸಬೇಕಾಗಿ ಬಂದರೆ ಅವರಿಗೆ, ಇದನ್ನು ಬಾಯಿಬಿಟ್ಟು ಹೇಳಬೇಕು. ಇದು ಖಚಿತವಾಗಿ ಅದೇ ಕಾಯಿಲೆಯೇ ಎಂದು ತಿಳಿಯಲು ಆಸ್ಪತ್ರೆಯಲ್ಲಿ ಎಲ್ಲ ಸಿದ್ಧತೆಯೊಡನೆ ಅಲ್ಪ ಪ್ರಮಾಣದಿಂದ ಆಸ್ಪಿರಿನ್ ಕೊಟ್ಟು ನೋಡುವ ಪರೀಕ್ಷೆ ಇದೆ. ದಯವಿಟ್ಟು ಮನೆಯಲ್ಲಿ ಅರ್ಧ ಮಾತ್ರೆ ನುಂಗಿ ನೋಡುವ ಸಾಹಸ ಮಾಡಬೇಡಿ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಪಾಲಿಪ್ ಮತ್ತೆ ಬೆಳೆದ ಮಾತ್ರಕ್ಕೆ ಹಿಂದಿನ ಆಪರೇಷನ್ ಕೆಟ್ಟಿತ್ತು ಎಂದು ಹೇಳಲಾಗದು. ನಮ್ಮ ಕಡೆ ಇದನ್ನು ‘ಮೂಗಿನಲ್ಲಿ ದುರ್ಮಾಂಸ ಬೆಳೆದಿದೆ’ ಎನ್ನುತ್ತಾರೆ. ಆ ಮಾತು ಕೇಳಿದವರಿಗೆ, ಕಳೆಯ ಗಿಡದಂತೆ ಬೇರುಸಹಿತ ಕಿತ್ತರೆ ಮುಗಿಯಿತು ಎನಿಸುವುದು ಸಹಜ. ಎಂಡೋಸ್ಕೋಪಿನಲ್ಲಿ, ಅಂದರೆ ಮೂಗಿನೊಳಗೆ ತೂರಿಸಿ ನೋಡುವ ದೀಪದ ತೆಳು ಕೊಳವೆಯಲ್ಲಿ, ನೋಡಿದಾಗ ಕಾಣುವುದು ಮಾಂಸವೇ ಅಲ್ಲ. ಬೇಸಿಗೆಯಲ್ಲಿ ನಮ್ಮ ರಸ್ತೆ ಬದಿಯಲ್ಲಿ ಕೊಯ್ದು ಮಾರುವ ತಾಟಿನುಂಗಿನ ತಿರುಳನ್ನು ನೆನಪಿಸಿಕೊಳ್ಳಿ: ಮಾಸಲು ಬಿಳುಪು, ಬೆಳಕು ಬಿದ್ದರೆ ಅರೆಪಾರದರ್ಶಕ, ಒಳಗೆ ನೀರು ತುಂಬಿ ತುಳುಕುವಂತಿದ್ದು ಮುಟ್ಟಿದರೆ ಜಾರಿಕೊಳ್ಳುವುದು. ಪಾಲಿಪ್ ಹಾಗಿರುತ್ತದೆ, ಸಲಕರಣೆ ತಾಗಿಸಿದರೂ ರೋಗಿಗೆ ನೋವಾಗುವುದಿಲ್ಲ. (ಕನ್ನಡಿಯಲ್ಲಿ ಮೂಗು ಹಿಗ್ಗಿಸಿ ನೋಡಿ, ಕೆಂಪಗೆ ಊದಿದ ಗಡ್ಡೆ ಕಂಡಿತೆಂದು ಗಾಬರಿಯಿಂದ ಬರುವವರು ಬಹಳ. ಅದು ಎಲ್ಲರ ಮೂಗಿನಲ್ಲೂ ಇರುವ, ಗಾಳಿಯನ್ನು ಬೆಚ್ಚಗಾಗಿಸುವ ಸಹಜ ಅಂಗ.) ಸೈನಸ್‌ನ, ಅಂದರೆ ಮೂಗಿನ ಸುತ್ತಲಿನ ಮೂಳೆಗಳೊಳಗಿನ ಗಾಳಿಕೋಣೆಗಳ, ಒಳಪೊರೆ ವರ್ಷಗಟ್ಟಲೆ ಉರಿಯೂತದಿಂದ ಊದಿ, ನೀರು ತುಂಬಿ, ತನ್ನ ಭಾರಕ್ಕೆ ತಾನೇ ಜೋತುಬಿದ್ದಾಗ ಅದನ್ನು ಪಾಲಿಪ್ ಎನ್ನುತ್ತೇವೆ. ಜೋತುಬಿದ್ದದ್ದನ್ನು ಕತ್ತರಿಸಬಹುದು. ಆದರೆ ಊದುವ ಸ್ವಭಾವ ಇರುವುದು ಮೂಗು ಮತ್ತು ಸೈನಸ್‌ಗಳ ಉದ್ದಕ್ಕೂ ಹಾಸಿರುವ ಪೊರೆಯಲ್ಲಿ, ಅದನ್ನು ತೆಗೆದು ಬಿಸಾಡಲು ಬರುವುದಿಲ್ಲ.

ಆ ಪೊರೆ ಏಕೆ ಹೀಗೆ ವರ್ತಿಸುತ್ತದೆ ಎಂಬುದೇ ಕಳೆದ ಇಪ್ಪತ್ತೈದು ವರ್ಷಗಳ ಸಂಶೋಧನೆಯ ಮುಖ್ಯ ವಿಷಯ, ಮತ್ತು ಆ ಹುಡುಕಾಟ ನೇರ ದಾರಿಯಲ್ಲಿ ಸಾಗಿದ್ದಲ್ಲ. 1999ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ದೀರ್ಘಕಾಲದ ಸೈನಸೈಟಿಸ್ (ಸೈನಸ್ಸಿನ ಉರಿಯೂತ) ಇರುವ ಬಹುತೇಕ ಎಲ್ಲರ ಮೂಗಿನ ಲೋಳೆಯಲ್ಲೂ ಶಿಲೀಂಧ್ರ ಸಿಕ್ಕಿತೆಂದು ಪ್ರಕಟಿಸಿದಾಗ, ಕಾರಣ ಸಿಕ್ಕಿಬಿಟ್ಟಿತು ಎಂದು ಅನೇಕರು ನಂಬಿದರು, ಶಿಲೀಂಧ್ರನಾಶಕ ಬೆರೆಸಿ ಮೂಗು ತೊಳೆಸುವುದೂ ನಡೆಯಿತು. ಆರೋಗ್ಯವಂತರ ಮೂಗಿನಲ್ಲೂ ಅದೇ ಶಿಲೀಂಧ್ರ ಇರುವುದು ಅದೇ ಅಧ್ಯಯನದಲ್ಲಿ ಕಂಡಿತ್ತು. 2006ರಲ್ಲಿ ಯುರೋಪಿನ ಹಲವು ಕೇಂದ್ರಗಳು ಸೇರಿ ಆ ಔಷಧವನ್ನೂ ಹುಸಿ ಔಷಧವನ್ನೂ ಹೋಲಿಸಿ ನೋಡಿದಾಗ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಹಾಗೆಂದು ಶಿಲೀಂಧ್ರವನ್ನು ಪೂರ್ತಿ ಮರೆಯುವಂತಿಲ್ಲ. ನಮ್ಮ ದೇಶದ ಬೆಚ್ಚನೆಯ, ತೇವದ ಹವೆಯಲ್ಲಿ ಶಿಲೀಂಧ್ರಕ್ಕೆ ಅಲರ್ಜಿಯಿಂದ ಬರುವ ಬೇರೆಯೇ ಒಂದು ಬಗೆಯ ಸೈನಸೈಟಿಸ್ ಸಾಕಷ್ಟಿದೆ. ಅದರಲ್ಲಿ ಸೈನಸ್ಸಿನೊಳಗೆ ಕಡಲೆಕಾಯಿ ಗೊಜ್ಜಿನಂಥ ಗಟ್ಟಿ, ಅಂಟು ಲೋಳೆ ತುಂಬಿರುತ್ತದೆ, ಸಿಟಿ ಸ್ಕ್ಯಾನಿನಲ್ಲಿ ಅದು ಸುತ್ತಲಿನದಕ್ಕಿಂತ ಬೆಳ್ಳಗೆ ಕಾಣುತ್ತದೆ. ನಿಮ್ಮ ಹಳೆಯ ಸ್ಕ್ಯಾನನ್ನು ಈ ದೃಷ್ಟಿಯಿಂದ ಒಮ್ಮೆ ನೋಡಿಸಬೇಕು, ಏಕೆಂದರೆ ಅದರ ಚಿಕಿತ್ಸೆಯಲ್ಲಿ ಆ ಲೋಳೆಯನ್ನೆಲ್ಲ ತೆಗೆದು ಸ್ವಚ್ಛ ಮಾಡುವ ಆಪರೇಷನ್ ತಪ್ಪಿಸಲಾಗದ ಮೊದಲ ಹೆಜ್ಜೆ.

ಈಗ ಬಲವಾಗಿ ನಿಂತಿರುವ ತಿಳಿವಳಿಕೆ ಹೀಗಿದೆ. ಮೂಗಿನ ಪೊರೆಯ ಮೇಲ್ಪದರ ದುರ್ಬಲವಾದಾಗ ಅಲ್ಲಿಂದ ಅಪಾಯದ ಸಂಕೇತಗಳು ಹೊರಡುತ್ತವೆ. ರೋಗನಿರೋಧಕ ವ್ಯವಸ್ಥೆ ಅದಕ್ಕೆ ‘ಎರಡನೆಯ ಬಗೆ’ ಎಂದು ಕರೆಯುವ ರೀತಿಯಲ್ಲಿ, ಅಂದರೆ ಹೊಟ್ಟೆಹುಳುವಿನ ವಿರುದ್ಧ ಹೋರಾಡುವ ರೀತಿಯಲ್ಲಿ, ಪ್ರತಿಕ್ರಿಯಿಸುತ್ತದೆ. ಇಂಟರ್‌ಲ್ಯೂಕಿನ್ 4, 5 ಮತ್ತು 13 ಎಂಬ ಸಂದೇಶವಾಹಕಗಳು ಹೆಚ್ಚುತ್ತವೆ, ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಪೊರೆಯೊಳಗೆ ಬಂದು ಜಮಾಯಿಸುತ್ತವೆ. ಬೆಲ್ಜಿಯಂನ ಘೆಂಟ್ ನಗರದ ಕ್ಲೌಸ್ ಬ್ಯಾಕರ್ಟ್ ಮತ್ತು ಸಂಗಡಿಗರು, ಚರ್ಮದ ಮೇಲೂ ಮೂಗಿನಲ್ಲೂ ಸಾಮಾನ್ಯವಾಗಿ ಇರುವ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾದ ವಿಷವಸ್ತು ಈ ಬೆಂಕಿಗೆ ತುಪ್ಪ ಸುರಿಯುವುದನ್ನು ತೋರಿಸಿದರು. 2018ರಲ್ಲಿ ಬಾಸ್ಟನ್ನಿನ ಸಂಶೋಧಕರು ಪಾಲಿಪ್‌ನ ಜೀವಕೋಶಗಳನ್ನು ಒಂದೊಂದಾಗಿ ಬಿಡಿಸಿ ಓದಿದಾಗ ಕಂಡದ್ದು ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯ. ಪೊರೆಯನ್ನು ಮತ್ತೆ ಮತ್ತೆ ಹೊಸದಾಗಿ ಕಟ್ಟುವ ತಳದ ಮೂಲಕೋಶಗಳು ಹಳೆಯ ಉರಿಯೂತದ ನೆನಪನ್ನು ಹೊತ್ತಿರುತ್ತವೆ, ಮತ್ತು ಪ್ರಯೋಗಾಲಯದಲ್ಲಿ ದೇಹದಿಂದ ಹೊರಗೆ ಬೆಳೆಸಿದಾಗಲೂ ಅದನ್ನು ಬಿಟ್ಟುಕೊಡುವುದಿಲ್ಲ. ಶಸ್ತ್ರವೈದ್ಯರು ಎಷ್ಟೇ ಶುದ್ಧವಾಗಿ ತೆಗೆದರೂ ಆ ಜಾಗದಲ್ಲಿ ಮತ್ತೆ ಬೆಳೆಯುವ ಪೊರೆ ಅದೇ ಕೋಶಗಳ ಸಂತಾನ.

ಹಾಗಾದರೆ ಆಪರೇಷನ್ ಏಕೆ ಮಾಡುತ್ತೇವೆ? ಆಸ್ಟ್ರಿಯಾದ ಗ್ರಾಜ್ ನಗರದ ವಾಲ್ಟರ್ ಮೆಸ್ಸರ್‌ಕ್ಲಿಂಗರ್, ಸೈನಸ್ಸಿನೊಳಗಿನ ಲೋಳೆ ಅತಿಸೂಕ್ಷ್ಮ ರೋಮಗಳ ಬಡಿತದಿಂದ ಸದಾ ಹರಿಯುತ್ತಿರುತ್ತದೆಂದೂ, ಅದು ಹುಟ್ಟಿನಿಂದ ಇರುವ ಸಹಜ ದ್ವಾರದ ಕಡೆಗೇ ಹರಿಯುತ್ತದೆಂದೂ ಕಂಡುಕೊಂಡರು. ಕೆನ್ನೆಯ ಸೈನಸ್ಸಿಗೆ ತಳದಲ್ಲಿ ಹೊಸ ತೂತು ಕೊರೆದರೂ ಲೋಳೆ ಆ ತೂತನ್ನು ಬಳಸಿಕೊಂಡು ಹೋಗಿ ಮೇಲಿನ ಹಳೆಯ ಬಾಗಿಲಿಗೇ ಏರುತ್ತದೆ. ಹಿಂದಿನ ಕಾಲದ ಆಪರೇಷನ್‌ಗಳು ಸೋತದ್ದು ಇಲ್ಲಿಯೇ. ಸಹಜ ಬಾಗಿಲನ್ನೇ ಅಗಲ ಮಾಡುವ ಎಂಡೋಸ್ಕೋಪಿಕ್ ವಿಧಾನವನ್ನು 1980ರ ದಶಕದ ನಡುವಿನಲ್ಲಿ ಗ್ರಾಜ್‌ನ ಹೈಂಜ್ ಸ್ಟಾಂಬರ್ಗರ್, ಅಮೆರಿಕದ ಡೇವಿಡ್ ಕೆನಡಿ ಲೋಕಕ್ಕೆ ಪರಿಚಯಿಸಿದರು. ಪಾಲಿಪ್ ರೋಗಿಗಳ ಮಟ್ಟಿಗೆ ಇದರಿಂದ ಆಗುವ ದೊಡ್ಡ ಉಪಕಾರ ಬೇರೆಯೇ ಇದೆ: ಮುಚ್ಚಿಹೋಗಿದ್ದ ಕೋಣೆಗಳ ಬಾಗಿಲು ತೆರೆದು, ಔಷಧ ಮತ್ತು ಉಪ್ಪುನೀರು ಒಳಗಿನ ಪೊರೆಯನ್ನು ಮುಟ್ಟುವಂತಾಗುತ್ತದೆ. ತೆರೆದ ಬಾಗಿಲಿನಿಂದ ಆಮೇಲೆ ಏನನ್ನೂ ಒಳಗೆ ಕಳಿಸದಿದ್ದರೆ ಒಂದೆರಡು ವರ್ಷದಲ್ಲಿ ನೀವು ಹೇಳಿದ ‘ಯಥಾಪ್ರಕಾರ’ ಬರುತ್ತದೆ. ನಿಮ್ಮ ಪತ್ರದಲ್ಲಿ ಎರಡು ಆಪರೇಷನ್‌ಗಳ ಮಾತಿದೆ, ಎರಡರ ನಡುವಿನ ನಾಲ್ಕು ವರ್ಷ ಮೂಗಿಗೆ ಏನು ಹಾಕಿದಿರಿ ಎಂಬ ಮಾತಿಲ್ಲ. ಇದು ನಿಮ್ಮ ಮೇಲಿನ ಆಕ್ಷೇಪವಲ್ಲ. ಚೆನ್ನಾಗಿದ್ದಾಗಲೂ ಔಷಧ ನಿಲ್ಲಿಸಬಾರದೆಂದು ಬಿಡುಗಡೆಯ ದಿನ ಕುಳ್ಳಿರಿಸಿಕೊಂಡು ಹೇಳಬೇಕಾದವರು ನಾವು, ನಮ್ಮಲ್ಲಿ ಎಷ್ಟೋ ಮಂದಿ ಅದನ್ನು ಹೇಳುವುದಿಲ್ಲ.

ಅಂಕಿಅಂಶಗಳನ್ನೂ ಮುಚ್ಚಿಡದೆ ಹೇಳುತ್ತೇನೆ. ಘೆಂಟ್‌ನಲ್ಲಿಯೇ ಆಪರೇಷನ್ ಆದ ಪಾಲಿಪ್ ರೋಗಿಗಳ ಚಿಕ್ಕ ಗುಂಪೊಂದನ್ನು 12 ವರ್ಷಗಳ ನಂತರ ಮತ್ತೆ ಕರೆದು ನೋಡಿದಾಗ ಐವರಲ್ಲಿ ನಾಲ್ವರಿಗೆ ಪಾಲಿಪ್ ಮರಳಿತ್ತು, ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಮತ್ತೆ ಆಪರೇಷನ್ ಆಗಿತ್ತು. ಆದರೂ ಅವರ ತೊಂದರೆ ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. 2022ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಪ್ರಯೋಗದಲ್ಲಿ ಔಷಧದ ಜೊತೆಗೆ ಆಪರೇಷನ್ ಮಾಡಿಸಿಕೊಂಡವರು ಬರಿಯ ಔಷಧ ತೆಗೆದುಕೊಂಡವರಿಗಿಂತ ಒಂದು ವರ್ಷದ ಕೊನೆಗೆ ಉತ್ತಮವಾಗಿದ್ದರೂ, ಆ ಅಂತರ ರೋಗಿಗೆ ಸ್ಪಷ್ಟವಾಗಿ ಅನುಭವಕ್ಕೆ ಬರುವಷ್ಟಿರಲಿಲ್ಲ. 2025ರಲ್ಲಿ ಬಂದ ಬ್ರಿಟನ್ನಿನ ದೊಡ್ಡ ಪ್ರಯೋಗದಲ್ಲಿ, ಮೂಗಿನ ಸ್ಟೀರಾಯ್ಡ್ ಸ್ಪ್ರೇ ಮತ್ತು ಉಪ್ಪುನೀರಿನಿಂದ ಗುಣ ಕಾಣದವರಿಗೆ ಆಪರೇಷನ್‌ನಿಂದ ಆರು ತಿಂಗಳಲ್ಲಿ ಸ್ಪಷ್ಟ ಲಾಭವಾಯಿತು. ಅದೇ ಪ್ರಯೋಗದಲ್ಲಿ ಮೂರು ತಿಂಗಳು ಕ್ಲಾರಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್ ನುಂಗಿದವರಿಗೂ ಹುಸಿ ಮಾತ್ರೆ ನುಂಗಿದವರಿಗೂ ಯಾವ ವ್ಯತ್ಯಾಸವೂ ಕಾಣಲಿಲ್ಲ. ಈ ಎರಡು ಪ್ರಯೋಗಗಳು ಒಂದನ್ನೊಂದು ಅಲ್ಲಗಳೆಯುವಂತೆ ಕಂಡರೂ ನನಗೆ ಹಾಗೆ ಅನಿಸುವುದಿಲ್ಲ: ಔಷಧಕ್ಕೆ ನಿಜವಾದ ಅವಕಾಶ ಸಿಗದೆ ಇರುವವನಿಗೆ ಮೊದಲು ಔಷಧ, ಅದನ್ನು ಸರಿಯಾಗಿ ಮಾಡಿಯೂ ನರಳುತ್ತಿರುವವನಿಗೆ ಆಪರೇಷನ್. ನೆಗಡಿ ಹಳದಿಯಾದ ಸಲಕ್ಕೊಮ್ಮೆ ಐದು ದಿನದ ಆಂಟಿಬಯೋಟಿಕ್ ತೆಗೆದುಕೊಳ್ಳುವ ರೂಢಿ ನಿಮಗಿದ್ದರೆ ಅದನ್ನು ಇಲ್ಲಿಗೆ ನಿಲ್ಲಿಸಬಹುದು.

ಆದ್ದರಿಂದ ಮೂರನೆಯ ಆಪರೇಷನ್ನೋ ಇಂಜೆಕ್ಷನ್ನೋ ಎಂದು ತೀರ್ಮಾನಿಸುವ ಮೊದಲು ನಿಮ್ಮ ಮೂಗಿನ ದಿನಚರಿಯನ್ನು ಕೇಳುತ್ತೇನೆ. ನನ್ನ ಕೋಣೆಗೆ ಬರುವವರಿಗೆ ‘ಸ್ಪ್ರೇ ಹಾಕಿಕೊಳ್ಳುತ್ತೀರಾ’ ಎಂದು ಕೇಳುವುದನ್ನು ಬಿಟ್ಟು ‘ಹಾಕಿಕೊಂಡು ತೋರಿಸಿ’ ಎನ್ನಲು ಆರಂಭಿಸಿದ ಮೇಲೆ ನನಗೆ ಬಹಳಷ್ಟು ಅರ್ಥವಾಯಿತು. ಹೆಚ್ಚಿನವರು ತಲೆಯನ್ನು ಹಿಂದಕ್ಕೆ ಚೆಲ್ಲಿ, ಬಲಗೈಯಿಂದಲೇ ಎರಡೂ ಹೊಳ್ಳೆಗೆ ನೇರ ಮೇಲಕ್ಕೆ ಒತ್ತಿ, ಸೊರ್ರೆಂದು ಎಳೆದುಕೊಂಡು, ಗಂಟಲಿಗೆ ಇಳಿದ ಕಹಿಯನ್ನು ನುಂಗಿಬಿಡುತ್ತಾರೆ. ಔಷಧ ಹೊಟ್ಟೆಗೆ ಹೋಯಿತೇ ಹೊರತು ಪೊರೆಗೆ ತಾಗಲಿಲ್ಲ. ತಲೆಯನ್ನು ತುಸು ಮುಂದಕ್ಕೆ ಬಗ್ಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ಕೊಳವೆಯ ತುದಿ ನಡುವಿನ ಗೋಡೆಯ ಕಡೆಗಿರದೆ ಅದೇ ಬದಿಯ ಕಿವಿಯ ಕಡೆಗೆ ಇರುವಂತೆ ಹಿಡಿದು ಒತ್ತಿ, ಮೆಲ್ಲಗೆ ಉಸಿರೆಳೆದುಕೊಳ್ಳಬೇಕು. ಮೊಮೆಟಸೋನ್, ಫ್ಲೂಟಿಕಸೋನ್ ಸ್ಪ್ರೇಗಳಿಂದ ರಕ್ತಕ್ಕೆ ಸೇರುವ ಸ್ಟೀರಾಯ್ಡ್ ಅತ್ಯಲ್ಪ. ‘ಸ್ಟೀರಾಯ್ಡ್’ ಎಂಬ ಹೆಸರಿಗೆ ಹೆದರಿ ಇದನ್ನು ಬಿಟ್ಟು, ಮೂಗು ಬಿಡಿಸುವ ಓಟ್ರಿವಿನ್‌ನಂಥ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಳ್ಳುವವರಿದ್ದಾರೆ. ಆ ಹನಿ ಒಂದು ವಾರ ದಾಟಿದರೆ ಅದೇ ಮೂಗು ಕಟ್ಟಲು ಕಾರಣವಾಗುತ್ತದೆ.

ಸ್ಪ್ರೇಗೆ ಮೊದಲು ಮೂಗು ತೊಳೆಯಬೇಕು. ಜಲನೇತಿ ನಮ್ಮವರಿಗೆ ಹೊಸತಲ್ಲ, ಆದರೆ ಚಿಕ್ಕ ಗಿಂಡಿಯಿಂದ ಇಳಿಬಿಡುವುದಕ್ಕಿಂತ ಹಿಸುಕುವ ಬಾಟಲಿಯಿಂದ 240 ಮಿಲಿಲೀಟರಿನಷ್ಟು ನೀರು ಹರಿಸಿದರೆ ಆಪರೇಷನ್ ಆದ ಸೈನಸ್ಸಿನೊಳಗೂ ಅದು ತಲುಪುತ್ತದೆ. ಅಷ್ಟು ನೀರಿಗೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು, ಉರಿಯದಿರಲು ಒಂದು ಚಿಟಿಕೆ ಅಡುಗೆ ಸೋಡಾ. ನೀರಿನ ವಿಷಯದಲ್ಲಿ ಮಾತ್ರ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಕಾವೇರಿ ನೀರಾಗಲಿ, ಬೋರ್‌ವೆಲ್ ಆಗಲಿ, ಟ್ಯಾಂಕರ್ ಆಗಲಿ, ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ ಬಳಸಿ. ಕುಡಿಯಲು ಯೋಗ್ಯವಾದ ನೀರೆಲ್ಲ ಮೂಗಿಗೆ ಯೋಗ್ಯವಲ್ಲ: 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿದ ಇಬ್ಬರು ನೇಗ್ಲೇರಿಯಾ ಎಂಬ ಅಮೀಬಾ ಮಿದುಳಿಗೆ ಏರಿ ತೀರಿಕೊಂಡರು. ಪಕ್ಕದ ಕೇರಳದಲ್ಲಿಯೂ ಈಚಿನ ವರ್ಷಗಳಲ್ಲಿ ಮಿದುಳಿನ ಅಮೀಬಾ ಸೋಂಕು ಜೀವಗಳನ್ನು ತೆಗೆದುಕೊಂಡಿದೆ. ಆಪರೇಷನ್ ಆದ ಮೂಗಿಗೆ ವೈದ್ಯರು ಈ ನೀರಿನಲ್ಲಿಯೇ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ದ್ರಾವಣವನ್ನು ಬೆರೆಸಿಕೊಳ್ಳಲು ಹೇಳುವುದುಂಟು. ನಿಮಗೆ ಅದು ಒಪ್ಪುತ್ತದೆಯೇ ಎಂದು ಕೇಳಿ.

ಸ್ಟೀರಾಯ್ಡ್ ಮಾತ್ರೆಯ ಲೆಕ್ಕವೇ ಬೇರೆ. ಎರಡು ವಾರ ನುಂಗಿದರೆ ಪಾಲಿಪ್ ಕರಗಿ ವಾಸನೆ ಮರಳುವುದನ್ನು ಕಂಡವರಿಗೆ ಅದು ಪವಾಡದಂತೆ ತೋರುತ್ತದೆ. ಆ ಸುಖ ಮೂರರಿಂದ ಆರು ತಿಂಗಳಲ್ಲಿ ಮುಗಿಯುತ್ತದೆ. ಹಳೆಯ ಚೀಟಿ ತೋರಿಸಿ ತಾವೇ ಕೊಂಡು ನುಂಗುವವರ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಕಣ್ಣಿನ ಒತ್ತಡ ಹೆಚ್ಚುತ್ತದೆ. 2021ರಲ್ಲಿ ಕೋವಿಡ್‌ನ ಬೆನ್ನಿಗೇ ಕಪ್ಪು ಶಿಲೀಂಧ್ರ ಈ ಊರಿನ ಆಸ್ಪತ್ರೆಗಳನ್ನು ತುಂಬಿದಾಗ, ಏರಿದ ಸಕ್ಕರೆ ಮತ್ತು ಸ್ಟೀರಾಯ್ಡ್ ಎರಡೂ ಸೇರಿ ಮೂಗು-ಸೈನಸ್ಸಿಗೆ ಏನು ಮಾಡಬಲ್ಲವು ಎಂಬುದನ್ನು ನಾವೆಲ್ಲ ಕಣ್ಣಾರೆ ಕಂಡೆವು. ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ, ಸಕ್ಕರೆ ಪರೀಕ್ಷಿಸಿಕೊಂಡು, ವೈದ್ಯರ ಕಣ್ಣಳತೆಯಲ್ಲಿ ಮಾತ್ರ.

ಇಂಜೆಕ್ಷನ್‌ಗಳ ಬಗ್ಗೆ ಕೇಳಿದ್ದೀರಿ. ಇವು ಮೇಲೆ ಹೇಳಿದ ಸಂದೇಶವಾಹಕಗಳನ್ನೇ ಗುರಿಯಿಟ್ಟು ತಡೆಯುವ ಪ್ರತಿಕಾಯಗಳು. ಇಂಟರ್‌ಲ್ಯೂಕಿನ್ 4 ಮತ್ತು 13ರ ಸಂದೇಶವನ್ನು ತಡೆಯುವ ಡುಪಿಲುಮ್ಯಾಬ್ ಕುರಿತು 2019ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳಲ್ಲಿ ಒಟ್ಟು 724 ರೋಗಿಗಳಿದ್ದರು. ಔಷಧ ಪಡೆದವರಲ್ಲಿ ವಾಸನೆ ಪೂರ್ತಿ ಇಲ್ಲದವರ ಪ್ರಮಾಣ ಸುಮಾರು ಮುಕ್ಕಾಲು ಪಾಲಿನಿಂದ ಕಾಲು ಪಾಲಿನ ಆಸುಪಾಸಿಗೆ ಇಳಿಯಿತು. ನಾನು ಕಲಿಯುತ್ತಿದ್ದ ಕಾಲದಲ್ಲಿ ಇಂಥ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಪಾಲಿಪ್‌ಗೆಂದು ಅದಕ್ಕೆ ಒಪ್ಪಿಗೆ ಸಿಕ್ಕಿತು, 2020ರಲ್ಲಿ ಒಮಾಲಿಜುಮ್ಯಾಬ್‌ಗೆ, 2021ರಲ್ಲಿ ಮೆಪೊಲಿಜುಮ್ಯಾಬ್‌ಗೆ. ಮೆಪೊಲಿಜುಮ್ಯಾಬ್‌ನ ಪ್ರಯೋಗದಲ್ಲಿ ಒಂದು ವರ್ಷದೊಳಗೆ ಆಪರೇಷನ್ ಬೇಕಾದವರು ಹುಸಿ ಔಷಧದ ಗುಂಪಿನಲ್ಲಿ ಶೇ. 23, ಔಷಧದ ಗುಂಪಿನಲ್ಲಿ ಶೇ. 9. ಪೊರೆಯಿಂದ ಹೊರಡುವ ಮೊದಲ ಸಂಕೇತವನ್ನೇ ತಡೆಯುವ ಟೆಜೆಪೆಲುಮ್ಯಾಬ್‌ನ ಫಲಿತಾಂಶ 2025ರಲ್ಲಿ ಬಂತು, ಅದು ಇನ್ನೂ ಉತ್ತಮವಾಗಿತ್ತು. ಆದರೆ ಇವು ಉರಿಯೂತವನ್ನು ಅದುಮಿಡುತ್ತವೆ, ಬೇರನ್ನು ಕೀಳುವುದಿಲ್ಲ. ಡುಪಿಲುಮ್ಯಾಬನ್ನು 24 ವಾರಕ್ಕೆ ನಿಲ್ಲಿಸಿದ ಗುಂಪಿನಲ್ಲಿ ಪಾಲಿಪ್ ಮತ್ತೆ ಬೆಳೆಯಿತು. ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ, ದುಬಾರಿ ಬೆಲೆ ತೆತ್ತು ತೆಗೆದುಕೊಳ್ಳಬೇಕಾದ ಔಷಧವಿದು. ಅಂಗಡಿಯ ಆದಾಯದಿಂದ ಇದನ್ನು ಮೂರು ವರ್ಷ ನಡೆಸಬಲ್ಲೆನೇ ಎಂದು ಮನೆಯವರೊಡನೆ ಕುಳಿತು ಲೆಕ್ಕ ಹಾಕಿಯೇ ಹೊರಡಿ, ವಿಮೆಯವರಿಂದ ಲಿಖಿತ ಉತ್ತರ ಪಡೆಯಿರಿ.

ಯಾರಿಗೆ ಇವು ಸಲ್ಲುತ್ತವೆ ಎಂಬುದಕ್ಕೆ ಯುರೋಪಿನ ತಜ್ಞರ 2020ರ ಮಾರ್ಗಸೂಚಿ ಅಳತೆಗೋಲು ಕೊಟ್ಟಿದೆ. ಆಪರೇಷನ್ ಆಗಿಯೂ ಎರಡೂ ಬದಿ ಪಾಲಿಪ್ ಇರಬೇಕು, ಜೊತೆಗೆ ಐದರಲ್ಲಿ ಮೂರು ಲಕ್ಷಣ: ಎರಡನೆಯ ಬಗೆಯ ಉರಿಯೂತಕ್ಕೆ ಪುರಾವೆ, ವರ್ಷಕ್ಕೆ ಎರಡು ಸಲವಾದರೂ ಸ್ಟೀರಾಯ್ಡ್ ಮಾತ್ರೆಯ ಅಗತ್ಯ, ಬದುಕಿನ ಗುಣಮಟ್ಟ ಕುಸಿದಿರುವುದು, ವಾಸನೆ ಹೋಗಿರುವುದು, ಇನ್‌ಹೇಲರ್ ಬೇಕಾಗುವ ಅಸ್ತಮಾ. ನಿಮ್ಮ ಪತ್ರದಿಂದಲೇ ಎರಡು ಖಚಿತವಾಗಿವೆ. ಪುರಾವೆಗಾಗಿ ರಕ್ತದ ಇಯೊಸಿನೊಫಿಲ್ ಎಣಿಕೆ ಮಾಡಿಸಿ. ಆ ಮಾರ್ಗಸೂಚಿಯಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ 250 ಎಂದಿದ್ದ ಮಿತಿಯನ್ನು ತಜ್ಞರು ಆಮೇಲೆ 150ಕ್ಕೆ ಇಳಿಸಿದ್ದಾರೆ. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವಾಗ ಈ ಎಣಿಕೆ ಸುಳ್ಳೇ ಕಡಿಮೆ ಬರುತ್ತದೆ, ಹೊಟ್ಟೆಯಲ್ಲಿ ಹುಳುವಿದ್ದರೆ ಸುಳ್ಳೇ ಹೆಚ್ಚು ಬರುತ್ತದೆ. ಎರಡನೆಯದು ನಮ್ಮಲ್ಲಿ ಸಾಮಾನ್ಯವಾದ್ದರಿಂದ ಇಂಜೆಕ್ಷನ್‌ಗೆ ಮೊದಲು ಅದಕ್ಕೆ ಔಷಧ ಕೊಡುವುದು ಒಳ್ಳೆಯದು. ಆಪರೇಷನ್‌ನಲ್ಲಿ ತೆಗೆದ ಪಾಲಿಪ್‌ನ ಬಯಾಪ್ಸಿ ವರದಿ ನಿಮ್ಮ ಹಳೆಯ ಫೈಲಿನಲ್ಲಿ ಇರುತ್ತದೆ, ಅದರಲ್ಲಿ ಇಯೊಸಿನೊಫಿಲ್ ಎಷ್ಟಿತ್ತೆಂದು ಬರೆದಿದ್ದರೆ ಅದು ಇನ್ನೂ ಬಲವಾದ ಪುರಾವೆ.

ನನ್ನ ಅಭಿಪ್ರಾಯ ಕೇಳಿದರೆ, ಮೂರು ತಿಂಗಳು ಮೂಗು ತೊಳೆಯುವಿಕೆ ಮತ್ತು ಸ್ಟೀರಾಯ್ಡ್ ಸ್ಪ್ರೇಯನ್ನು ತಪ್ಪದೆ, ಸರಿಯಾದ ರೀತಿಯಲ್ಲಿ ಮಾಡಿ, ಹೊಸ ಸಿಟಿ ಸ್ಕ್ಯಾನ್ ಮಾಡಿಸಿ. ಹಿಂದಿನ ಆಪರೇಷನ್‌ಗಳಲ್ಲಿ ಎಲ್ಲ ಕೋಣೆಗಳೂ ತೆರೆದಿಲ್ಲವೆಂದು ಅದರಲ್ಲಿ ಕಂಡರೆ ಒಮ್ಮೆ ಪೂರ್ಣವಾಗಿ ತೆರೆಯುವ ಆಪರೇಷನ್ ಅರ್ಥಪೂರ್ಣ. ಆಸ್ಪಿರಿನ್ ಆಗದಿರುವುದು ಖಚಿತವಾದರೆ ಆಪರೇಷನ್ ಆದ ಕೆಲವು ವಾರಗಳಲ್ಲಿ, ಆಸ್ಪತ್ರೆಯಲ್ಲಿಟ್ಟುಕೊಂಡು ಅಲ್ಪದಿಂದ ಆರಂಭಿಸಿ ಆಸ್ಪಿರಿನ್ನಿಗೆ ದೇಹವನ್ನು ಒಗ್ಗಿಸಿ, ಆಮೇಲೆ ದಿನವೂ ಕೊಡುವ ಚಿಕಿತ್ಸೆಯೂ ಇದೆ. ಬೆಲೆ ಅಗ್ಗ, ಪಾಲಿಪ್ ಮರಳುವುದನ್ನು ಅದು ತಡಮಾಡುತ್ತದೆ, ಆದರೆ ಹೊಟ್ಟೆಹುಣ್ಣು ಇರುವವರಿಗೆ ಹೊಂದುವುದಿಲ್ಲ. ಎಲ್ಲ ಕೋಣೆಗಳೂ ಮೊದಲೇ ಚೆನ್ನಾಗಿ ತೆರೆದಿದ್ದು, ಅಷ್ಟಾಗಿಯೂ ಪಾಲಿಪ್ ತುಂಬಿದ್ದರೆ ಇಂಜೆಕ್ಷನ್‌ನ ಕಡೆಗೆ ನನ್ನ ಮನಸ್ಸು ವಾಲುತ್ತದೆ, ಅಸ್ತಮಾಕ್ಕೂ ಅದೇ ಔಷಧ ಉಪಕಾರ ಮಾಡುತ್ತದೆ.

ವಾಸನೆ ಮರಳುವವರೆಗೆ ಒಂದು ಎಚ್ಚರಿಕೆ ಬೇಕು. ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲ. ಸೋರಿದರೆ ತಿಳಿಯಲೆಂದು ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ, ಅದು ನಿಮ್ಮ ಪಾಲಿಗೆ ಇಲ್ಲ. ಹುರಿಯುವ ಯಂತ್ರ ಅನಿಲದಿಂದ ನಡೆಯುವುದಾದರೆ ಅಂಗಡಿಯಲ್ಲೂ, ಮನೆಯ ಅಡುಗೆಮನೆಯಲ್ಲೂ, ಅನಿಲ ಸೋರಿದರೆ ಕೂಗುವ ಅಲಾರಂ ಹಾಕಿಸಿ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಅದನ್ನು ನೆಲದ ಹತ್ತಿರ ಹಾಕಿಸಬೇಕು. ಒಬ್ಬರೇ ಬೆಳಗ್ಗೆ ಬಾಗಿಲು ತೆರೆದು ಮೊದಲ ಬೆಂಕಿ ಹೊತ್ತಿಸುವುದನ್ನು ಸದ್ಯಕ್ಕೆ ಮಗನಿಗೆ ವಹಿಸಿ.

ಕ್ಯಾನ್ಸರ್‌ನ ಭಯ ಬೇಡ. ಎರಡೂ ಬದಿ ಬೆಳೆಯುವ ಇಂಥ ಪಾಲಿಪ್ ಕ್ಯಾನ್ಸರ್ ಆಗುವುದಿಲ್ಲ. ಒಂದೇ ಬದಿಯಲ್ಲಿ ಬೆಳೆದರೆ, ರಕ್ತ ಬಂದರೆ, ಕಣ್ಣು ಮುಂದಕ್ಕೆ ಬಂದರೆ ಅಥವಾ ಒಂದು ವಸ್ತು ಎರಡಾಗಿ ಕಂಡರೆ ಮಾತ್ರ ತಡಮಾಡದೆ ತೋರಿಸಬೇಕು.

ಊರು ಬಿಡುವ ಯೋಚನೆಯನ್ನೂ ಬಿಡಿ. ಬೆಂಗಳೂರಿನ ಗಾಳಿ ಮೂಗಿಗೆ ಹಿತವಾದದ್ದೆಂದು ನಾನು ವಾದಿಸುವುದಿಲ್ಲ. ಖಾಲಿ ಸೈಟುಗಳ ಕಾಂಗ್ರೆಸ್ ಗಿಡದ ಪರಾಗ ಇಲ್ಲಿಯ ಮೂಗಿನ ಅಲರ್ಜಿಗೆ ಮುಖ್ಯ ಕಾರಣಗಳಲ್ಲೊಂದೆಂದು ಇಲ್ಲಿಯೇ ನಡೆದ ಅಧ್ಯಯನಗಳು ತೋರಿಸಿವೆ, ವಾಹನದ ಹೊಗೆಯೂ ಕಟ್ಟಡದ ದೂಳೂ ಪೊರೆಯನ್ನು ಕೆರಳಿಸುತ್ತವೆ. ಆದರೆ ಅಲರ್ಜಿಯಿಂದಲೇ ಪಾಲಿಪ್ ಹುಟ್ಟುತ್ತದೆ ಎಂಬುದಕ್ಕೆ ಆಧಾರ ಗಟ್ಟಿಯಾಗಿಲ್ಲ. ಪೊರೆಯ ಮೂಲಕೋಶದಲ್ಲಿ ಕುಳಿತ ನೆನಪು ನಿಮ್ಮ ಜೊತೆಗೇ ಊರಿಗೂ ಬರುತ್ತದೆ, ಅಲ್ಲಿ ಹತ್ತಿರದಲ್ಲಿ ಎಂಡೋಸ್ಕೋಪ್ ಇರುವ ವೈದ್ಯರು ಸಿಗದೆ ಹೋಗಬಹುದು. ಗಾಳಿಗಿಂತ ನಿಮ್ಮ ಅಂಗಡಿಯ ಒಳಗನ್ನು ನೋಡಿ. ಹುರಿಯದ ಹಸಿ ಕಾಫಿ ಬೀಜದ ದೂಳು ಆ ಕೆಲಸದವರಲ್ಲಿ ಮೂಗಿನ ಅಲರ್ಜಿಗೂ ಅಸ್ತಮಾಗೂ ಕಾರಣವಾಗುವುದು ಬಹಳ ಹಿಂದೆಯೇ ದಾಖಲಾಗಿದೆ. ಹುರಿದಾಗ ಅದರ ಅಲರ್ಜಿಕಾರಕ ಗುಣ ಬಹುಪಾಲು ತಗ್ಗುತ್ತದೆ, ತೊಂದರೆ ಹೆಚ್ಚು ಇರುವುದು ಮೂಟೆ ಸುರಿಯುವಾಗ ಮತ್ತು ಜರಡಿ ಹಿಡಿಯುವಾಗ. ಭಾನುವಾರ ಅಂಗಡಿ ಮುಚ್ಚಿದಾಗ ಎದೆ ಹಗುರವಾಗಿ ಸೋಮವಾರ ಸಂಜೆಗೆ ಬಿಗಿಯುತ್ತದೆಯೇ ಎಂದು ಒಂದು ತಿಂಗಳು ಗಮನಿಸಿ ಬರೆದಿಡಿ, ಅಸ್ತಮಾ ನೋಡುವ ವೈದ್ಯರಿಗೆ ಆ ಬರಹ ಬಹಳ ಉಪಯೋಗವಾಗುತ್ತದೆ.

ಮಗನ ವಿಷಯ. ಪಾಲಿಪ್ ಇರುವವರ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಅದು ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು ಎಂದು ಅಮೆರಿಕದ ಯೂಟಾ ರಾಜ್ಯದ ವಂಶಾವಳಿ ದಾಖಲೆಗಳ ಅಧ್ಯಯನ ತಿಳಿಸಿದೆ. 2019ರಲ್ಲಿ ಐಸ್‌ಲೆಂಡಿನ ಸಂಶೋಧಕರು ಒಂದು ಜೀನ್ ಕೆಲಸ ಮಾಡದಿರುವವರಲ್ಲಿ ಪಾಲಿಪ್ ಬರುವುದು ಮೂರನೆಯ ಒಂದು ಭಾಗಕ್ಕೆ ಇಳಿದಿರುವುದನ್ನು ಕಂಡಿದ್ದಾರೆ, ಅದನ್ನು ಹಿಡಿದು ಹೊಸ ಔಷಧದ ಹುಡುಕಾಟ ನಡೆದಿದೆ. ನಾಲ್ಕು ಪಟ್ಟು ಎಂದರೆ ಗಾಬರಿಯಾಗುವುದು ಬೇಡ. ನೂರರಲ್ಲಿ ಕೆಲವರಿಗಷ್ಟೇ ಬರುವ ಕಾಯಿಲೆಯ ನಾಲ್ಕು ಪಟ್ಟಾದರೂ, ಬಾರದಿರುವ ಸಾಧ್ಯತೆಯೇ ಹೆಚ್ಚು. ಅವನಿಗೆ ಈಗ ಯಾವ ಪರೀಕ್ಷೆಯೂ ಬೇಕಾಗಿಲ್ಲ. ಮೂಗು ಕಟ್ಟುವುದೋ ವಾಸನೆ ಕುಗ್ಗುವುದೋ ಮೂರು ತಿಂಗಳು ದಾಟಿದರೆ ಮಾತ್ರ ಒಮ್ಮೆ ಎಂಡೋಸ್ಕೋಪಿ ಮಾಡಿಸಿ. ಸದ್ಯಕ್ಕೆ, ಹಸಿ ಬೀಜದ ಮೂಟೆ ಬಿಚ್ಚುವ ಹೊತ್ತಿಗೆ ಎನ್-95 ಮುಖಗವಸು ನಿಮಗೊಂದು, ಅವನಿಗೊಂದು ಇರಲಿ.